ಗಿಟ್ ಕೋಡ್‌ನ ಈ ಮುಗಿಯದ ರಿಪೇರಿಯಿಂದ ನಮಗೇನು ಸಿಕ್ಕಿತು?

ಹಾಸನದಹುಡುಗ

ಎಲ್ಲರಿಗೂ ನಮಸ್ಕಾರ. ಕೋಡ್‌ನ ಪ್ರತಿ ಬದಲಾವಣೆಯ ಇತಿಹಾಸ ಇಟ್ಟುಕೊಳ್ಳುವ ಟೂಲ್ ಗಿಟ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ರಿಲೀಸ್ ನೋಟ್ಸ್ ಓದುವುದು ನನಗೊಂದು ಚಟ. ಅದರಲ್ಲಿ ಮೊದಲ ಭಾಗ ನಮ್ಮಂಥ ಬಳಕೆದಾರರಿಗೆ. ಹೊಸ ಕಮಾಂಡು, ಹೊಸ ಆಪ್ಷನ್ನು ಇತ್ಯಾದಿ. ಅದರ ಕೆಳಗೆ ವೇಗ, ಒಳಗಿನ ಕೋಡು, ಡೆವಲಪರ್‌ಗಳ ಅನುಕೂಲ ಅಂತ ಇನ್ನೊಂದು ಭಾಗ. ಈ ಎರಡನೆಯದನ್ನು ಓದಿದರೆ ಸುಸ್ತಾಗುತ್ತದೆ. ಗ್ಲೋಬಲ್ ವೇರಿಯಬಲ್ (ಇಡೀ ಪ್ರೋಗ್ರಾಂ ಹಂಚಿಕೊಳ್ಳುವಂಥದ್ದು) ಬಳಕೆ ಕಡಿಮೆ ಮಾಡಿದೆವು, ಮೆಮೊರಿ ಲೀಕ್ (ತೆಗೆದುಕೊಂಡು ವಾಪಸ್ ಕೊಡದ ಮೆಮೊರಿ) ಮುಚ್ಚಿದೆವು, ಹೆಡರ್ ಫೈಲ್ ಒಡೆದು ಹಂಚಿದೆವು, ಹಳೇ ಟೆಸ್ಟ್ ಸ್ಕ್ರಿಪ್ಟನ್ನು ಹೊಸ ಶೈಲಿಗೆ ತಂದೆವು. ಪ್ರತಿ ಸಲವೂ ಇದೇ ರಾಗ.

ನನ್ನ ಪ್ರಶ್ನೆ ಸರಳ. ಇದರಿಂದ ಯಾರಿಗೆ ಏನು ಸಿಕ್ಕಿತು? ನಾನು ದಿನಾ ಮಾಡುವುದು ಬದಲಾವಣೆ ತರಿಸುವ ಪುಲ್, ದಾಖಲಿಸುವ ಕಮಿಟ್, ಹೊಸ ಬುಡದ ಮೇಲೆ ಮತ್ತೆ ಜೋಡಿಸುವ ರೀಬೇಸ್, ವಾಪಸ್ ಕಳಿಸುವ ಪುಶ್. ಕೆಲವು ವರ್ಷಗಳ ಹಿಂದೆಯೂ ಇವು ಕೆಲಸ ಮಾಡುತ್ತಿದ್ದವು, ಇವತ್ತೂ ಮಾಡುತ್ತವೆ. ಚೆನ್ನಾಗಿ ಓಡುತ್ತಿರುವ ಬಸ್ಸಿನ ಇಂಜಿನ್ ಬಿಚ್ಚಿ ಹರಡಿಕೊಂಡು ಕೂರುವುದು ಯಾಕೆ? ಮತ್ತೆ ಜೋಡಿಸುವಾಗ ಒಂದು ಬೋಲ್ಟ್ ಮರೆತರೆ ಏನು ಗತಿ? ಪ್ರಪಂಚದ ಅರ್ಧ ಕೋಡ್ ಕೂತಿರುವುದು ಇದರ ಮೇಲೇ ಅಲ್ವಾ?

ಜಗಳಕ್ಕೆ ಕೇಳುತ್ತಿಲ್ಲ. ಗೊತ್ತಿರುವವರು ಹೇಳಿ.

ಬಿಸಿಬೇಳೆ

ನಮ್ಮ ಆಫೀಸಿನಲ್ಲಿ "ಈ ಸ್ಪ್ರಿಂಟ್ ಪೂರ್ತಿ ರಿಫ್ಯಾಕ್ಟರಿಂಗ್" ಅಂತ, ಅಂದರೆ ಹೊಸದೇನೂ ಸೇರಿಸದೆ ಇರುವ ಕೋಡನ್ನೇ ಚೊಕ್ಕ ಮಾಡುತ್ತೇವೆ ಅಂತ ಹೇಳಿ ನೋಡಿ, ಮ್ಯಾನೇಜರ್ ಮುಖ ಹೇಗಾಗುತ್ತದೆ ಅಂತ. ಗಿಟ್‌ನವರಿಗೆ ಮ್ಯಾನೇಜರ್ ಇಲ್ಲ, ಅಷ್ಟೇ ವ್ಯತ್ಯಾಸ 😄

ಹಳೇಪೈಪು

@ಬಿಸಿಬೇಳೆ ಮ್ಯಾನೇಜರ್ ಇಲ್ಲದಿದ್ದರೂ ಯಾವ ಕೋಡ್ ಒಳಗೆ ಬರಬೇಕು ಅಂತ ತೀರ್ಮಾನಿಸುವ ಮೇಂಟೇನರ್ ಇದ್ದಾರೆ. ಜೂನಿಯೊ ಹಮಾನೊ 2005ರ ಜುಲೈನಿಂದ ಆ ಜಾಗದಲ್ಲಿದ್ದಾರೆ. ಅವರ ಕಣ್ಣು ತಪ್ಪಿಸಿ ಒಂದು ಸಾಲು ಒಳಗೆ ಹಾಕುವುದಕ್ಕಿಂತ ನಿಮ್ಮ ಮ್ಯಾನೇಜರನ್ನು ಒಪ್ಪಿಸುವುದು ಸುಲಭ.

ಹಾಸನದವರ ಪ್ರಶ್ನೆಗೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಶುರು ಮಾಡಿದ್ದು ಅವಸರದಲ್ಲಿ. ಲಿನಕ್ಸ್ ಕರ್ನಲ್‌ನವರು ಬಳಸುತ್ತಿದ್ದ ಬಿಟ್‌ಕೀಪರ್ ಅನ್ನುವ ಇಂಥದ್ದೇ ಟೂಲ್‌ನ ಉಚಿತ ಪರವಾನಗಿ ಆಗಷ್ಟೇ ಕೈತಪ್ಪಿತ್ತು. ತುರ್ತಾಗಿ ಏನೋ ಒಂದು ಬೇಕಿತ್ತು. ಸಿ ಭಾಷೆಯಲ್ಲಿ ಚಿಕ್ಕ ಚಿಕ್ಕ ಪ್ರೋಗ್ರಾಂ, ಅವುಗಳನ್ನು ಪೋಣಿಸಲು ಶೆಲ್ ಮತ್ತು ಪರ್ಲ್ ಸ್ಕ್ರಿಪ್ಟು. ಪ್ರತಿ ಪ್ರೋಗ್ರಾಂ ಶುರುವಾಗುತ್ತದೆ, ಒಂದು ಕೆಲಸ ಮುಗಿಸುತ್ತದೆ, ಸಾಯುತ್ತದೆ. ಹೀಗಿದ್ದ ಮೇಲೆ ತೆಗೆದುಕೊಂಡ ಮೆಮೊರಿಯನ್ನು ವಾಪಸ್ ಕೊಡುವ ತಲೆನೋವು ಯಾಕೆ? ಪ್ರೋಸೆಸ್ ಮುಗಿದಾಗ ಆಪರೇಟಿಂಗ್ ಸಿಸ್ಟಂ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಏನಾದರೂ ಎಡವಟ್ಟಾದರೆ 'ಡೈ' ಅಂತ ಒಂದು ಫಂಕ್ಷನ್ ಇದೆ. ಸಂದೇಶ ಬರೆದು, 128 ಅನ್ನುವ ಎಕ್ಸಿಟ್ ಕೋಡ್ ಕೊಟ್ಟು ಅಲ್ಲೇ ನಿಂತುಬಿಡುತ್ತದೆ. ರೆಪಾಸಿಟರಿ (ಕೋಡ್ ಮತ್ತು ಅದರ ಇತಿಹಾಸ ಇಡುವ ಜಾಗ) ಒಂದೇ, ಹಾಗಾಗಿ ಅದರ ಮಾಹಿತಿಯೆಲ್ಲ ಗ್ಲೋಬಲ್.

ಆಗಿನ ಮಟ್ಟಿಗೆ ಇದು ಸರಿಯಾದ ತೀರ್ಮಾನವೇ. ತೊಂದರೆ ಶುರುವಾದದ್ದು ಆಮೇಲೆ. ಸಬ್‌ಮಾಡ್ಯೂಲ್ ಬಂತು, ಅಂದರೆ ಒಂದು ರೆಪಾಸಿಟರಿ ಒಳಗೆ ಇನ್ನೊಂದು. ಒಂದೇ ಪ್ರೋಸೆಸ್ ಎರಡು ರೆಪಾಸಿಟರಿ ನೋಡಬೇಕಾಯಿತು. ಎಲ್ಲವೂ ಗ್ಲೋಬಲ್ ಆಗಿದ್ದರೆ ಹೇಗೆ ಸಾಧ್ಯ? ಹಾಗಾಗಿ 'ಗಿಟ್ ಗ್ರೆಪ್'ಗೆ ಸಬ್‌ಮಾಡ್ಯೂಲ್ ಒಳಗೂ ಹುಡುಕು ಅಂದರೆ ಅದು ಪ್ರತಿ ಸಬ್‌ಮಾಡ್ಯೂಲ್‌ಗೂ ಹೊಸ ಪ್ರೋಸೆಸ್ ಹುಟ್ಟಿಸುತ್ತಿತ್ತು. 2017ರಲ್ಲಿ ರೆಪಾಸಿಟರಿಗೆ ಅಂತಲೇ ಒಂದು ಸ್ಟ್ರಕ್ಟ್ (ಸಂಬಂಧಪಟ್ಟ ಮಾಹಿತಿಯನ್ನೆಲ್ಲ ಒಟ್ಟಿಗೆ ಇಡುವ ಕಟ್ಟು) ಬಂದ ಮೇಲೆ ಅದನ್ನೆಲ್ಲ ಒಂದೇ ಪ್ರೋಸೆಸ್ ಒಳಗೆ ಮಾಡಲು ದಾರಿಯಾಯಿತು. ಆದರೆ ಹಳೇ ಕೋಡ್ ಎಲ್ಲ ಇನ್ನೂ 'ದಿ ರೆಪಾಸಿಟರಿ' ಅನ್ನುವ ಒಂದೇ ಗ್ಲೋಬಲ್ ವೇರಿಯಬಲ್ ಹಿಡಿದುಕೊಂಡು ನೇತಾಡುತ್ತಿತ್ತು. ಅದನ್ನು ಒಂದೊಂದೇ ಫಂಕ್ಷನ್‌ನಿಂದ ಬಿಡಿಸುವ ಕೆಲಸ ಇವತ್ತಿಗೂ ನಡೆಯುತ್ತಿದೆ. 2024ರಲ್ಲಿ ಒಂದು ಒಳ್ಳೇ ಉಪಾಯ ಮಾಡಿದರು. ಯಾವ ಫೈಲಿಗೆ ಇನ್ನೂ ಈ ವೇರಿಯಬಲ್ ಬೇಕೋ ಅದು ತಲೆಯ ಮೇಲೆ ಒಂದು ಮ್ಯಾಕ್ರೊ, ಅಂದರೆ ಕಂಪೈಲರ್‌ಗೆ ಒಂದು ಗುರುತು, ಬರೆದುಕೊಂಡೇ ತೀರಬೇಕು. ಇಲ್ಲದಿದ್ದರೆ ಕಂಪೈಲ್ ಆಗುವುದಿಲ್ಲ. ಹಾಗಾಗಿ ಕೆಲಸ ಎಷ್ಟು ಬಾಕಿ ಇದೆ ಅಂತ ಯಾರು ಬೇಕಾದರೂ ಒಂದು ಗ್ರೆಪ್ ಹಾಕಿ ನೋಡಬಹುದು.

ಲೈಬ್ರರಿ ವಿಷಯವೂ ಇದೆ. ಗಿಟ್‌ನ ಸ್ವಂತ ಕೋಡನ್ನು ಲೈಬ್ರರಿಯಾಗಿ ಬಳಸುವ ಹಾಗೇ ಇರಲಿಲ್ಲ. ನಿಮ್ಮ ಎಡಿಟರ್ ಒಳಗೆ ಅದನ್ನು ಸೇರಿಸಿದಿರಿ ಅಂದುಕೊಳ್ಳಿ. ಯಾವುದೋ ಆಬ್ಜೆಕ್ಟ್ ಸಿಗಲಿಲ್ಲ ಅಂತ 'ಡೈ' ಆದರೆ ಎಡಿಟರೂ ಜೊತೆಗೇ ಹೋಗುತ್ತದೆ. ಅದಕ್ಕೇ ಲಿಬ್‌ಗಿಟ್2 ಅಂತ ಬೇರೆಯೇ ಬರೆದರು, ಜಾವಾದವರು ಜೆಗಿಟ್ ಬರೆದುಕೊಂಡರು. ಗಿಟ್‌ಗೆ ಒಂದು ಹೊಸ ಸೌಲಭ್ಯ ಬಂದರೆ ಅಲ್ಲೆಲ್ಲ ಮತ್ತೆ ಮೊದಲಿನಿಂದ ಬರೆಯಬೇಕು.

ಹಾಸನದಹುಡುಗ

> ಗಿಟ್‌ನ ಸ್ವಂತ ಕೋಡನ್ನು ಲೈಬ್ರರಿಯಾಗಿ ಬಳಸುವ ಹಾಗೇ ಇರಲಿಲ್ಲ

ಇತಿಹಾಸ ಚೆನ್ನಾಗಿದೆ ಸರ್, ಧನ್ಯವಾದ. ಆದರೆ ನನಗೆ ಲೈಬ್ರರಿ ಬೇಕಿಲ್ಲ. ನಾನು ಕಮಾಂಡ್ ಲೈನ್‌ನಲ್ಲಿ ಕೂರುವವನು. ನನ್ನಂಥವನಿಗೆ ನೇರವಾಗಿ ತಟ್ಟಿದ ಒಂದು ಉದಾಹರಣೆ ಕೊಡಿ. ಶುಚಿ ಮಾಡಿದ್ದಕ್ಕೇ ಇದು ಆಯಿತು, ಇಲ್ಲದಿದ್ದರೆ ಆಗುತ್ತಿರಲಿಲ್ಲ ಅನ್ನುವಂಥದ್ದು.

ಹಳೇಪೈಪು

ಹ್ಯಾಶ್.

ಅಂದರೆ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಖ್ಯೆ. ಗಿಟ್‌ನಲ್ಲಿ ಎಲ್ಲದಕ್ಕೂ ಶಾ-1 ಅನ್ನುವ ಹ್ಯಾಶೇ ಹೆಸರು. ಅದು 20 ಬೈಟ್, ಬರೆದರೆ 40 ಅಕ್ಷರ. ಹಳೇ ಕೋಡ್‌ನಲ್ಲಿ ಈ 20 ಮತ್ತು 40 ಎಲ್ಲಿ ನೋಡಿದರೂ ಇದ್ದವು. "20 ಬೈಟ್‌ನ ಒಂದು ಅರೇ ಕೊಡಿ", "ಇಲ್ಲಿಂದ 40 ಅಕ್ಷರ ದಾಟಿ ಮುಂದೆ ಹೋಗಿ" ಅಂತ ಬರೀ ಸಂಖ್ಯೆ ಬರೆದು ಬಿಟ್ಟಿದ್ದರು. 2015ರಲ್ಲಿ ಇದನ್ನೆಲ್ಲ ಒಂದು ಸ್ಟ್ರಕ್ಟ್ ಒಳಗೆ ಹಾಕುವ ಕೆಲಸ ಶುರುವಾಯಿತು. ಆಬ್ಜೆಕ್ಟ್ ಐಡಿ ಅಂತ ಅದರ ಹೆಸರು. ಆಗ ನಿಮ್ಮ ಪ್ರಶ್ನೆಯನ್ನೇ ಕೇಳಬಹುದಿತ್ತು. ಕೆಲಸ ಮಾಡುತ್ತಿದೆಯಲ್ಲ, ಯಾಕೆ ಮುಟ್ಟುತ್ತೀರಿ?

2017ರ ಫೆಬ್ರವರಿಯಲ್ಲಿ ಆಂಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆಯವರೂ ಗೂಗಲ್‌ನವರೂ ಸೇರಿ ಒಂದೇ ಶಾ-1 ಬರುವ ಎರಡು ಬೇರೆ ಬೇರೆ ಪಿಡಿಎಫ್ ಮಾಡಿ ತೋರಿಸಿದರು. ಶಾಟರ್ಡ್ ಅಂತ ಸುದ್ದಿಯಾಯಿತಲ್ಲ, ಅದೇ. ತಕ್ಷಣದ ಪರಿಹಾರವಾಗಿ ಅದೇ ವರ್ಷ 2.13ರಲ್ಲಿ ಇಂಥ ದಾಳಿ ಪತ್ತೆ ಹಚ್ಚುವ ಶಾ-1 ಕೋಡ್ ಹಾಕಿದರು. ಪೂರ್ತಿ ಪರಿಹಾರ ಅಂದರೆ ಹ್ಯಾಶನ್ನೇ ಬದಲಾಯಿಸುವುದು. ಶಾ-256ಕ್ಕೆ 32 ಬೈಟ್ ಬೇಕು. ಸಾವಿರಾರು ಕಡೆ 20 ಅಂತ ಬರೆದಿಟ್ಟ ಕೋಡ್‌ನಲ್ಲಿ ಅದನ್ನು ಮಾಡಲು ಹೋಗಿದ್ದರೆ ಎಲ್ಲಿಂದ ಶುರು ಮಾಡುತ್ತಿದ್ದರು? ಎರಡು ವರ್ಷ ಮೊದಲೇ ಶುರುವಾಗಿದ್ದ ಆ ಬೇಸರದ ಕೆಲಸ ಇತ್ತಲ್ಲ, ಅದರ ಮೇಲೆ ಕಟ್ಟಿ 2020ರ ಅಕ್ಟೋಬರ್‌ನಲ್ಲಿ 2.29 ಬಂತು. ಆ ಆವೃತ್ತಿಯಲ್ಲಿ ಶಾ-256 ರೆಪಾಸಿಟರಿ ಮಾಡಬಹುದಿತ್ತು, ಪ್ರಯೋಗಕ್ಕೆ ಅಂತ ಹಣೆಪಟ್ಟಿ ಹಚ್ಚಿ. 2023ರಲ್ಲಿ 2.42 ಬಂದಾಗ ಆ ಹಣೆಪಟ್ಟಿಯನ್ನೂ ತೆಗೆದರು.

ನೂರಾರು ಪ್ಯಾಚ್, ಅಂದರೆ ಸಣ್ಣ ಸಣ್ಣ ಬದಲಾವಣೆ. ಒಂದೊಂದರಲ್ಲೂ ಕಾಣುವುದು "ಇದರ ಬದಲು ಅದು" ಅಷ್ಟೇ. ರಿಲೀಸ್ ನೋಟ್ಸ್‌ನಲ್ಲಿ ನೀವು ಬೇಸರದಿಂದ ದಾಟಿ ಹೋಗಿದ್ದ ಸಾಲುಗಳೇ ಅವು.

ಕಡಲತೀರ

ಹಳೇಪೈಪು ಅವರು ಹೇಳಿದ್ದಕ್ಕೆ ಭದ್ರತೆ ಕಡೆಯಿಂದ ಒಂದು ಸೇರಿಸುತ್ತೇನೆ. ಇದು ನನ್ನ ದಿನದ ಕೆಲಸಕ್ಕೆ ಹತ್ತಿರದ ವಿಷಯ.

2023ರ ಜನವರಿಯಲ್ಲಿ ಗಿಟ್‌ಗೆ ಎರಡು ಗಂಭೀರ ಭದ್ರತಾ ತಿದ್ದುಪಡಿ ಬಂದವು, 2.39.1 ಮತ್ತು ಅದರ ಜೊತೆಗೆ ಹಳೇ ಆವೃತ್ತಿಗಳಿಗೂ. ಎಕ್ಸ್41 ಅನ್ನುವ ಕಂಪನಿ ಓಪನ್ ಸೋರ್ಸ್ ಭದ್ರತೆಗೆ ದುಡಿಯುವ ಓಸ್ಟಿಫ್ ಸಂಸ್ಥೆಯ ನೆರವಿನಿಂದ ಕೋಡ್ ಪರಿಶೀಲನೆ ಮಾಡಿದಾಗ ಸಿಕ್ಕಿದ್ದು. ಒಂದು ಗಿಟ್‌ಆಟ್ರಿಬ್ಯೂಟ್ಸ್ ಫೈಲ್ ಓದುವ ಕೋಡ್‌ನಲ್ಲಿ. ಇನ್ನೊಂದು ಕಮಿಟ್‌ಗಳ ಪಟ್ಟಿ ತೋರಿಸುವ 'ಗಿಟ್ ಲಾಗ್'ನ ಫಾರ್ಮ್ಯಾಟ್ ಕೋಡ್‌ನಲ್ಲಿ. ಎರಡನೆಯದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಅದು ತೀರಾ ಸಾಮಾನ್ಯ ಕೋಡ್.

ಲಾಗ್ ತೋರಿಸುವಾಗ "ಈ ಹೆಸರನ್ನು ಇಷ್ಟು ಅಗಲದ ಕಾಲಂನಲ್ಲಿ ಕೂರಿಸು, ಉಳಿದ ಕಡೆ ಖಾಲಿ ಜಾಗ ತುಂಬು" ಅಂತ ಹೇಳಬಹುದು. ಅದನ್ನು ಮಾಡುವ ಫಂಕ್ಷನ್‌ನಲ್ಲಿ ಒಂದು ಉದ್ದ ಲೆಕ್ಕ ಹಾಕುತ್ತಾರೆ. ಉದ್ದ ಅಂದರೆ ಸೈಜ್-ಟಿ, 64 ಬಿಟ್‌ನ ಧನಾತ್ಮಕ ಸಂಖ್ಯೆ. ಅದನ್ನು ಇಟ್ಟದ್ದು ಇಂಟ್ ಒಳಗೆ, 32 ಬಿಟ್, ಋಣಾತ್ಮಕವೂ ಆಗಬಹುದು. ಆಮೇಲೆ ಅದನ್ನೇ ಮೆಮೊರಿಯಲ್ಲಿ ಎಲ್ಲಿ ಬರೆಯಬೇಕು ಅನ್ನುವುದಕ್ಕೆ ಕೂಡಿದ್ದಾರೆ. ದೊಡ್ಡ ಸಂಖ್ಯೆ ಕೊಟ್ಟರೆ ಇಂಟ್ ತುಂಬಿ ಹೊರಳುತ್ತದೆ, ಬರೆಯುವ ಜಾಗ ಎಲ್ಲೋ ಹೋಗುತ್ತದೆ. ನೀವು ಲಾಗ್ ಆಜ್ಞೆ ಕೊಡದಿದ್ದರೂ 'ಗಿಟ್ ಆರ್ಕೈವ್' ಮೂಲಕ ಇದನ್ನು ಮುಟ್ಟಬಹುದಿತ್ತು. ಅಂದರೆ ಬೇರೆಯವರ ರೆಪಾಸಿಟರಿಯಿಂದ ಜಿಪ್ ಫೈಲ್ ಮಾಡಿಕೊಡುವ ಸರ್ವರ್‌ಗೂ ಅಪಾಯ.

ಯಾರೂ ಸೋಮಾರಿತನದಿಂದ ಬರೆದದ್ದಲ್ಲ. ಎಲ್ಲ ಕಡೆ ಇಂಟ್ ಬಳಸುವುದು ಆಗಿನ ವಾಡಿಕೆ. 2024ರ ಕೊನೆಗೆ, 2.48ರ ತಯಾರಿಯಲ್ಲಿ, ಸೈನ್ ಹೋಲಿಕೆಯ (ಋಣಾತ್ಮಕ ಆಗಬಹುದಾದ ಸಂಖ್ಯೆಯನ್ನು ಆಗದ್ದರ ಜೊತೆ ಹೋಲಿಸಿದರೆ ಬರುವ) ಎಚ್ಚರಿಕೆಯನ್ನು ಕಂಪೈಲರ್‌ನಲ್ಲಿ ಆನ್ ಮಾಡಿದರು. ಇನ್ನೂ ಸರಿಪಡಿಸದ ಫೈಲುಗಳಿಗೆ ಮತ್ತದೇ ಉಪಾಯ, ತಲೆಯ ಮೇಲೊಂದು ಮ್ಯಾಕ್ರೊ. ಹಾಸನದವರು ಬೇಸರದ ಪ್ಯಾಚ್ ಅಂದಿದ್ದರಲ್ಲಿ ಆ ಮ್ಯಾಕ್ರೊ ತೆಗೆದುಹಾಕುವವು ಬೇಕಾದಷ್ಟಿವೆ.

ಇನ್ನೊಂದು ಸಣ್ಣ ವಿಷಯ. 2018ರಿಂದ ಗಿಟ್‌ನಲ್ಲಿ ನಿಷೇಧಿತ ಫಂಕ್ಷನ್‌ಗಳ ಒಂದು ಹೆಡರ್ ಫೈಲ್ ಇದೆ. ಜಾಗ ಸಾಕೇ ಅಂತ ನೋಡದೆ ಮೆಮೊರಿಗೆ ಬರೆಯುವ ಸ್ಟ್ರ್‌ಕಾಪಿ, ಸ್ಟ್ರ್‌ಕ್ಯಾಟ್, ಸ್‌ಪ್ರಿಂಟ್‌ಎಫ್ ಬಳಸಿದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಬುದ್ಧಿವಾದ ಹೇಳುವ ಬದಲು ಬಾಗಿಲೇ ಮುಚ್ಚಿಬಿಟ್ಟಿದ್ದಾರೆ. ನಮ್ಮ ಎಷ್ಟೋ ಪ್ರಾಜೆಕ್ಟ್‌ಗಳು ಇದನ್ನು ಕದಿಯಬಹುದು.

ಘಟ್ಟದಾಚೆ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ನಾನು ಸ್ವಲ್ಪ ಎದುರು ಮಾತಾಡುತ್ತೇನೆ. ಹಾಸನದವರ ಭಯಕ್ಕೆ ಆಧಾರ ಇದೆ.

ಮೊದಲು ಆ ಸೈನ್ ಎಚ್ಚರಿಕೆಯನ್ನೇ ತೆಗೆದುಕೊಳ್ಳಿ. ಒಂದು ಪಟ್ಟಿಯನ್ನು ಕೊನೆಯಿಂದ ಮೊದಲಿನವರೆಗೆ ನಡೆಯುವ ಲೂಪ್ ಇದೆ ಅಂದುಕೊಳ್ಳಿ. ಷರತ್ತು "ಐ ಸೊನ್ನೆಗಿಂತ ಕಡಿಮೆ ಆಗದಿರುವವರೆಗೆ". ಐ ಇಂಟ್ ಆಗಿದ್ದರೆ ಸರಿ. ಯಾರೋ ಎಚ್ಚರಿಕೆ ಹೋಗಲಾಡಿಸಲು ಕಣ್ಣು ಮುಚ್ಚಿ ಅದನ್ನು ಸೈಜ್-ಟಿ ಮಾಡಿದರು. ಸೈಜ್-ಟಿ ಸೊನ್ನೆಗಿಂತ ಕೆಳಗೆ ಇಳಿಯುವುದೇ ಇಲ್ಲ. ಸೊನ್ನೆಯಿಂದ ಒಂದು ಕಳೆದರೆ ನೇರ ಆಕಾಶಕ್ಕೆ. ಲೂಪ್ ನಿಲ್ಲದೆ, ಪಟ್ಟಿಯ ಆಚೆಗೆ ಹೋಗಿ ಓದುತ್ತದೆ. ಎಚ್ಚರಿಕೆ ಹೋಯಿತು, ದೋಷ ಬಂತು. ಈ ಎಚ್ಚರಿಕೆ ನಿಜಕ್ಕೂ ಅಷ್ಟು ಉಪಯೋಗವೇ ಅಂತ ಗಿಟ್‌ನ ಹಳೇ ಕೈಗಳೇ ಮೇಲಿಂಗ್ ಲಿಸ್ಟ್‌ನಲ್ಲಿ ಅನುಮಾನ ಎತ್ತಿದ್ದಾರೆ.

ಎರಡನೆಯದು ಬ್ಲೇಮ್, ಪ್ರತಿ ಸಾಲನ್ನು ಕೊನೆಗೆ ಬದಲಿಸಿದ ಕಮಿಟ್ ತೋರಿಸುವ ಕಮಾಂಡು. ಒಂದು ಸಾಲು ಯಾಕೆ ಹೀಗಿದೆ ಅಂತ ನೋಡಲು ಹೋದರೆ ಸಿಗುವುದು "ವೇರಿಯಬಲ್ ಹೆಸರು ಬದಲಿಸಿದೆ" ಅನ್ನುವ ಕಮಿಟ್. ನಿಜವಾದ ಕಾರಣ ಅದರ ಹಿಂದೆ, ಇನ್ನೂ ಹಿಂದೆ. ಮೂರನೆಯದು ಹಳೇ ಆವೃತ್ತಿಗೆ ತಿದ್ದುಪಡಿ ಒಯ್ಯುವುದು. ಕಡಲತೀರ ಹೇಳಿದ ಭದ್ರತಾ ತಿದ್ದುಪಡಿಯನ್ನೇ ಎಷ್ಟು ಹಳೇ ಆವೃತ್ತಿಗಳಿಗೆ ಕೊಡಬೇಕಾಯಿತು ಯೋಚಿಸಿ. ಸುತ್ತಲಿನ ಕೋಡ್ ಎಲ್ಲ ಜಾಗ ಬದಲಿಸಿದ್ದರೆ ಪ್ರತಿಯೊಂದಕ್ಕೂ ಕೈಯಿಂದ ಜೋಡಿಸಬೇಕು. ಲಿನಕ್ಸ್ ಡಿಸ್ಟ್ರೊಗಳಲ್ಲಿ ಪ್ಯಾಕೇಜ್ ನೋಡಿಕೊಳ್ಳುವವರನ್ನು ಕೇಳಿ, ಅವರು ಹೇಳುತ್ತಾರೆ.

ಶುಚಿ ಬೇಡ ಅಂತಲ್ಲ. ಶುಚಿಗೂ ಖರ್ಚಿದೆ, ಅದನ್ನು ಯಾರೂ ಲೆಕ್ಕಕ್ಕೆ ಇಡುತ್ತಿಲ್ಲ ಅಂತ.

ಹಳೇಪೈಪು

> ಶುಚಿಗೂ ಖರ್ಚಿದೆ, ಅದನ್ನು ಯಾರೂ ಲೆಕ್ಕಕ್ಕೆ ಇಡುತ್ತಿಲ್ಲ

ಮೊದಲ ಅರ್ಧ ಒಪ್ಪಿದೆ. ಎರಡನೇ ಅರ್ಧಕ್ಕೆ ಗಿಟ್‌ನ ಕೋಡಿಂಗ್ ನಿಯಮಗಳ ಫೈಲ್ ಓದಿ. ಸುಮ್ನೆ ಶೈಲಿ ಸರಿ ಮಾಡಲು ಅಂತಲೇ ಪ್ಯಾಚ್ ಕಳಿಸಬೇಡಿ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಿಜವಾದ ಬದಲಾವಣೆಯೊಂದನ್ನು ಮಾಡಲು ಹೊರಟಿದ್ದೀರಾ? ಅದಕ್ಕೆ ಮೊದಲು ಆ ಜಾಗ ಚೊಕ್ಕ ಮಾಡಿಕೊಳ್ಳಿ, ಒಳ್ಳೆಯದು. ಬರೀ ಸ್ಪೇಸ್ ತೆಗೆದು ಟ್ಯಾಬ್ ಹಾಕಿದೆ ಅಂತ ಬಂದರೆ ತೆಗೆದುಕೊಳ್ಳುವುದಿಲ್ಲ. ನನ್ನ ಪ್ರಕಾರ ಈ ಚರ್ಚೆಯ ತಿರುಳೇ ಇದು. ಒಂದೊಂದು ಶುಚಿ ಕೆಲಸದ ಹಿಂದೆಯೂ ಮುಂದೆ ಬರಬೇಕಾದ ಏನೋ ಒಂದು ಇರುತ್ತದೆ. ರಿಲೀಸ್ ನೋಟ್ಸ್‌ನ ಒಂದು ಸಾಲಿನಲ್ಲಿ ಅದು ಕಾಣುವುದಿಲ್ಲ, ಪ್ಯಾಚ್ ಸರಣಿಯ ಕವರ್ ಲೆಟರ್ ಓದಿದರೆ ಕಾಣುತ್ತದೆ.

ಬ್ಲೇಮ್‌ಗೆ 2.23ರಿಂದ ಪರಿಹಾರ ಇದೆ. 'ಇಗ್ನೋರ್ ರೆವ್' ಆಪ್ಷನ್ ಕೊಟ್ಟರೆ ಅಂಥ ಕಮಿಟ್‌ಗಳನ್ನು ದಾಟಿ ಹಿಂದಿನದನ್ನು ತೋರಿಸುತ್ತದೆ.

ಇನ್ನು ಬೋಲ್ಟ್ ಮರೆಯುವ ಭಯ. ಎರಡು ಬ್ರ್ಯಾಂಚ್‌ನ, ಅಂದರೆ ಕವಲಿನ, ಬದಲಾವಣೆ ಬೆಸೆಯುವ ಮರ್ಜ್ ಕೋಡ್ ಹೇಗೆ ಬದಲಿಸಿದರು ನೋಡಿ. ಹಳೇದು 'ರಿಕರ್ಸಿವ್'. ಅದರ ಒಳಗೆ ಮರುಹೆಸರಿಟ್ಟ ಫೈಲುಗಳ ಲೆಕ್ಕ ಗೋಜಲು, ನಿಧಾನ. ಎಲೈಜಾ ನ್ಯೂರೆನ್ ಅದನ್ನು ತೇಪೆ ಹಚ್ಚುವ ಬದಲು ಮೊದಲಿನಿಂದ ಬರೆದರು, ಹೆಸರು 'ಆರ್ಟ್'. ಹಳೇದನ್ನು ಮುಟ್ಟಲಿಲ್ಲ, ಪಕ್ಕದಲ್ಲೇ ಇಟ್ಟರು. ಬೇಕಾದವರು ಆಪ್ಷನ್ ಕೊಟ್ಟು ಪ್ರಯತ್ನ ಮಾಡಿದರು. 2021ರ ನವೆಂಬರ್‌ನಲ್ಲಿ, 2.34ರಲ್ಲಿ ಹೊಸದು ಡೀಫಾಲ್ಟ್ ಆಯಿತು. ಹಳೇ ಕೋಡ್ ಅಳಿಸಿದ್ದು 2025ರ ಜೂನ್‌ನಲ್ಲಿ, 2.50ರಲ್ಲಿ. ನಡುವೆ ಮೂರೂವರೆ ವರ್ಷ. ಹಾಸನದವರೇ, ದಿನಾ ರೀಬೇಸ್ ಮಾಡುತ್ತೇನೆ ಅಂದಿರಿ. ದೊಡ್ಡ ಡೈರೆಕ್ಟರಿಯೊಂದರ ಹೆಸರು ಬದಲಾದ ಮೇಲೆ ಉದ್ದನೆಯ ಬ್ರ್ಯಾಂಚ್ ರೀಬೇಸ್ ಮಾಡಿ ನೋಡಿ. ಅಂಥ ಕಡೆ ವೇಗ ನೂರಾರು ಪಟ್ಟು ಹೆಚ್ಚಿದೆ. ನಿಮ್ಮ ಕಣ್ಣೆದುರೇ ಇಂಜಿನ್ ಬದಲಾಯಿತು, ನಿಮಗೆ ಗೊತ್ತಾಗಲಿಲ್ಲ!

ಹಾಸನದಹುಡುಗ

ಹಾಂ, ರೀಬೇಸ್ ಈಗ ಬೇಗ ಆಗುತ್ತದೆ ಅನ್ನುವುದು ನಿಜ. ಹೊಸ ಲ್ಯಾಪ್‌ಟಾಪ್ ಕಾರಣ ಅಂದುಕೊಂಡಿದ್ದೆ 😅

ಸಂಪಿಗೆ

ನಾನು ಪ್ರೋಗ್ರಾಮರ್ ಅಲ್ಲ. ಕನ್ನಡ ಪಠ್ಯಗಳನ್ನು ಗಿಟ್‌ನಲ್ಲಿ ಇಟ್ಟು ತಿದ್ದುತ್ತೇವೆ, ಕೆಲವರು ಸೇರಿ. ಫೈಲ್ ಹೆಸರುಗಳೂ ಕನ್ನಡದಲ್ಲೇ ಇವೆ. ಸ್ಟೇಟಸ್ ಕೊಟ್ಟರೆ ಹೆಸರಿನ ಬದಲು ಹಿಮ್ಮುಖ ಗೆರೆ, 340, 262, 225 ಅಂತ ಸಂಖ್ಯೆಗಳ ಮಾಲೆ ಬರುತ್ತದೆ. ಇದನ್ನು ಯಾವಾಗ ಸರಿ ಮಾಡುತ್ತಾರೆ? ಇಷ್ಟೆಲ್ಲ ಶುಚಿ ಮಾಡುವವರು ಇದನ್ನು ಯಾಕೆ ಬಿಟ್ಟರು?

ಕಡಲತೀರ

ಸಂಪಿಗೆ ಅವರೇ, ನಿಮ್ಮ ಫೈಲ್ ಹೆಸರು 'ಕ' ದಿಂದ ಶುರು ಆಗುತ್ತದೆ ಅಲ್ವಾ? ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ 'ಕ' ಅಂದರೆ ಮೂರು ಬೈಟ್. ಅವನ್ನೇ ಎಂಟರ ಲೆಕ್ಕದಲ್ಲಿ ಬರೆದರೆ 340, 262, 225. ಇಂಗ್ಲಿಷ್ ಅಕ್ಷರ ಅಲ್ಲದ್ದನ್ನೆಲ್ಲ ಹೀಗೆ ಬರೆಯುವುದು ಗಿಟ್‌ನ ಹಳೇ ಡೀಫಾಲ್ಟ್. ಟರ್ಮಿನಲ್‌ಗಳಿಗೆ ಯುಟಿಎಫ್-8 ಬರುತ್ತದೋ ಇಲ್ಲವೋ ಅನ್ನುವ ಕಾಲದ್ದು.

ಪರಿಹಾರ ಈಗಲೇ ಇದೆ. 'ಗಿಟ್ ಕಾನ್ಫಿಗ್' ಆಜ್ಞೆಯಲ್ಲಿ ಗ್ಲೋಬಲ್ ಆಪ್ಷನ್ ಕೊಟ್ಟು 'ಕೋರ್ ಡಾಟ್ ಕೋಟ್‌ಪಾತ್' ಅನ್ನುವುದನ್ನು 'ಫಾಲ್ಸ್' ಮಾಡಿ. ಹೆಸರು ಕನ್ನಡದಲ್ಲೇ ಬರುತ್ತದೆ. ಡೀಫಾಲ್ಟ್ ಬದಲಿಸದಿರುವುದಕ್ಕೆ ಕಾರಣ ಇಷ್ಟೇ. ಗಿಟ್‌ನ ಔಟ್‌ಪುಟ್ ಓದುವ ಸ್ಕ್ರಿಪ್ಟ್‌ಗಳು ಲೆಕ್ಕವಿಲ್ಲದಷ್ಟಿವೆ, ಅವು ಮುರಿಯುತ್ತವೆ.

ನಿಮ್ಮಂಥವರಿಗೆ ಇನ್ನೊಂದು ಒಳ್ಳೇದಾಗಿದೆ. 'ಡಿಫ್ ಸ್ಟ್ಯಾಟ್' ಕೊಟ್ಟಾಗ ಹೆಸರಿನ ಮುಂದೆ ಕೂಡಿಸುವ, ಕಳೆಯುವ ಚಿಹ್ನೆಗಳ ಗೆರೆ ಬರುತ್ತದಲ್ಲ, ಮೊದಲು ಅದು ಬೈಟ್ ಎಣಿಸಿ ಕಾಲಂ ಹಾಕುತ್ತಿತ್ತು. ನಮ್ಮ ಒಂದು ಅಕ್ಷರಕ್ಕೆ ಮೂರು ಬೈಟ್, ಒತ್ತಕ್ಷರ ಬಂದರೆ ಒಂಬತ್ತು. ಗೆರೆಗಳು ಎಲ್ಲೆಲ್ಲೋ ಹೋಗುತ್ತಿದ್ದವು. 2022ರಲ್ಲಿ ಅದನ್ನು ಪರದೆಯ ಮೇಲಿನ ಅಗಲದ ಲೆಕ್ಕಕ್ಕೆ ಬದಲಿಸಿದರು. ಕನ್ನಡದ ಒತ್ತಕ್ಷರವನ್ನು ಪ್ರತಿ ಟರ್ಮಿನಲ್ ಒಂದೊಂದು ಥರ ತೋರಿಸುವುದರಿಂದ ಇನ್ನೂ ಪೂರ್ತಿ ನೇರ ಬರದಿರಬಹುದು, ಆದರೆ ಮೊದಲಿನ ಹಾಗಿಲ್ಲ.

ಸಂಪಿಗೆ

ಬಂತು!! ಎಲ್ಲ ಹೆಸರೂ ಕನ್ನಡದಲ್ಲೇ ಕಾಣುತ್ತಿವೆ. ತುಂಬಾ ಉಪಕಾರ ಆಯಿತು.

ತೆಂಗಿನಗರಿ

ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಹೊಸಬರು ಓಪನ್ ಸೋರ್ಸ್ ಕೆಲಸ ಕಲಿಯುವ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಗಿಟ್ ಆರಿಸಿಕೊಳ್ಳೋಣ ಅಂತ ಇದ್ದೇನೆ. ಅದಕ್ಕೆ ಮೊದಲು ಒಂದು ಸಣ್ಣ ಕೆಲಸ ಮಾಡಿ ಕಳಿಸಬೇಕು ಅಂತ ಇದೆ. ಇಂಥ ಶುಚಿ ಕೆಲಸ ಕಳಿಸಬಹುದಾ? ಘಟ್ಟದಾಚೆ ಅಣ್ಣ ಹೇಳಿದ್ದು ಓದಿ ಹೆದರಿಕೆ ಆಯಿತು.

ಘಟ್ಟದಾಚೆ

ಅಯ್ಯೋ, ಹೆದರಿಸಲು ಹೇಳಿದ್ದಲ್ಲ ಮಾರಾಯ್ತಿ. ಧಾರಾಳವಾಗಿ ಕಳಿಸು. ಮೈಕ್ರೊಪ್ರಾಜೆಕ್ಟ್ ಅನ್ನುವ ಆ ಸಣ್ಣ ಕೆಲಸ ಇರುವುದೇ ಅದಕ್ಕೆ. ನಿನ್ನ ಸಿ ಪಾಂಡಿತ್ಯ ಪರೀಕ್ಷೆ ಮಾಡಲು ಅಲ್ಲ, ಅವರ ಕೆಲಸದ ಕ್ರಮಕ್ಕೆ ನೀನು ಒಗ್ಗುತ್ತೀಯಾ ಅಂತ ನೋಡಲು.

ಒಂದು ಉದಾಹರಣೆ ಹೇಳುತ್ತೇನೆ. ಗಿಟ್‌ನ ಟೆಸ್ಟ್‌ಗಳೆಲ್ಲ 'ಟಿ' ಡೈರೆಕ್ಟರಿಯಲ್ಲಿ ಶೆಲ್ ಸ್ಕ್ರಿಪ್ಟ್‌ಗಳಾಗಿ ಇವೆ. ಹಳೆಯವುಗಳಲ್ಲಿ ಫೈಲ್ ಇದೆಯಾ ಅಂತ ನೋಡಲು ಶೆಲ್‌ನ 'ಟೆಸ್ಟ್ ಮೈನಸ್ ಎಫ್' ಬಳಸಿದ್ದಾರೆ. ಫೈಲ್ ಇಲ್ಲದಿದ್ದರೆ ಅದು ತುಟಿ ಬಿಚ್ಚದೆ ಸೋಲುತ್ತದೆ. ಟೆಸ್ಟ್ ಯಾಕೆ ಬಿತ್ತು ಅಂತ ಗೊತ್ತಾಗುವುದಿಲ್ಲ. 'ಟೆಸ್ಟ್ ಪಾತ್ ಈಸ್ ಫೈಲ್' ಅಂತ ಗಿಟ್‌ನದೇ ಒಂದು ಫಂಕ್ಷನ್ ಇದೆ. ಅದು ಯಾವ ಫೈಲ್ ಸಿಗಲಿಲ್ಲ ಅಂತ ಹೇಳಿ ಸೋಲುತ್ತದೆ. ಒಂದನ್ನು ತೆಗೆದು ಇನ್ನೊಂದು ಹಾಕುವುದೇ ಪ್ಯಾಚ್. ಆದರೆ ಕಣ್ಣು ಮುಚ್ಚಿ ಬದಲಿಸಬೇಡ. 'ಇಫ್' ಒಳಗಿರುವ ಕಡೆ ಅದು ಪರೀಕ್ಷೆಯಲ್ಲ, ಬರೀ ದಾರಿ ಆರಿಸುವುದು. ಅಲ್ಲಿ ಬದಲಿಸಿದರೆ ರಿವ್ಯೂನಲ್ಲಿ ಹಿಡಿಯುತ್ತಾರೆ.

ಇನ್ನೊಂದು ಜಾತಿ ಇದೆ. ಗಿಟ್ ಲಾಗ್‌ನ ಔಟ್‌ಪುಟ್ಟನ್ನು ಪೈಪ್ ಮಾಡಿ ಗ್ರೆಪ್‌ಗೆ ಕೊಟ್ಟಿರುತ್ತಾರೆ. ಪೈಪ್‌ನಲ್ಲಿ ಕೊನೆಯ ಆಜ್ಞೆಯ ಎಕ್ಸಿಟ್ ಕೋಡ್ ಮಾತ್ರ ಉಳಿಯುತ್ತದೆ. ಗಿಟ್ ಅರ್ಧದಲ್ಲಿ ಕ್ರ್ಯಾಶ್ ಆದರೂ ಗ್ರೆಪ್‌ಗೆ ಬೇಕಾದ ಸಾಲು ಸಿಕ್ಕಿದ್ದರೆ ಟೆಸ್ಟ್ ಪಾಸ್! ಗಿಟ್ ಅನ್ನೇ ಪರೀಕ್ಷೆ ಮಾಡುವ ಟೆಸ್ಟ್‌ನಲ್ಲಿ ಗಿಟ್ ಬಿದ್ದದ್ದು ಕಾಣುವುದಿಲ್ಲ. ಔಟ್‌ಪುಟ್ಟನ್ನು ಮೊದಲು ಫೈಲಿಗೆ ಬರೆದು, ಆಮೇಲೆ ಗ್ರೆಪ್ ಮಾಡಿದರೆ ಸರಿ ಆಗುತ್ತದೆ. ಇಂಥ ಶುಚಿಗೆ ನಾನೂ ವಿರೋಧ ಇಲ್ಲ.

ಒಂದೇ ಸ್ಕ್ರಿಪ್ಟ್ ಆರಿಸಿಕೋ. ಎಲ್ಲವನ್ನೂ ನೀನೇ ಮಾಡಿದರೆ ಉಳಿದ ವಿದ್ಯಾರ್ಥಿಗಳಿಗೆ ಏನೂ ಉಳಿಯುವುದಿಲ್ಲ.

ಕಡಲತೀರ

ತೆಂಗಿನಗರಿ, ಕಳಿಸುವ ದಾರಿ ಬಗ್ಗೆ ಎರಡು ಮಾತು. ಪುಲ್ ರಿಕ್ವೆಸ್ಟ್ ಇಲ್ಲ, ಎಲ್ಲ ಮೇಲಿಂಗ್ ಲಿಸ್ಟ್. ಜಿಮೇಲ್‌ನ ವೆಬ್ ಪುಟದಲ್ಲಿ ಪ್ಯಾಚ್ ಅಂಟಿಸಿ ಕಳಿಸಬೇಡ, ಟ್ಯಾಬ್ ಹಾಳಾಗುತ್ತದೆ, ಸಾಲು ಮುರಿಯುತ್ತದೆ. ಎಚ್‌ಟಿಎಂಎಲ್ ಮೇಲ್ ಆದರೆ ಲಿಸ್ಟ್ ತಲುಪುವುದೇ ಇಲ್ಲ. 'ಗಿಟ್ ಸೆಂಡ್ ಇಮೇಲ್' ಹೊಂದಿಸಿಕೋ. ಅದು ಕಷ್ಟ ಅನ್ನಿಸಿದರೆ ಗಿಟ್‌ಗಿಟ್‌ಗ್ಯಾಜೆಟ್ ಇದೆ. ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ ತೆರೆದು 'ಸಬ್‌ಮಿಟ್' ಅಂತ ಆಜ್ಞೆ ಕೊಟ್ಟರೆ ಅದೇ ಮೇಲ್ ಮಾಡಿ ಕಳಿಸುತ್ತದೆ. ಮೊದಲ ಸಲ ಬಂದವರಿಗೆ ಹಳಬರೊಬ್ಬರು ಅನುಮತಿ ಕೊಡಬೇಕು, ಅಷ್ಟೇ.

ಕಮಿಟ್ ಸಂದೇಶಕ್ಕೆ ಕೋಡ್‌ಗಿಂತ ಜಾಸ್ತಿ ಸಮಯ ಕೊಡು. ಏನು ಮಾಡಿದೆ ಅನ್ನುವುದು ಪ್ಯಾಚ್‌ನಲ್ಲೇ ಕಾಣುತ್ತದೆ. ಯಾಕೆ ಮಾಡಿದೆ ಅನ್ನುವುದನ್ನು ಬರೆ. ಕೊನೆಗೆ 'ಸೈನ್ಡ್ ಆಫ್ ಬೈ' ಸಾಲು ಕಡ್ಡಾಯ. ಈ ಕೋಡ್ ಕೊಡಲು ನನಗೆ ಹಕ್ಕಿದೆ ಅನ್ನುವ ನಿನ್ನ ಮಾತು ಅದು. ಎಐ ಬರೆದುಕೊಟ್ಟದ್ದನ್ನು ಹಾಗೇ ಎತ್ತಿ ಕಳಿಸಿ ಆ ಸಾಲಿಗೆ ಹೆಸರು ಹಾಕಬೇಡ.

ಮೂರು ನಾಲ್ಕು ಸಲ ತಿದ್ದಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡ, ಎಲ್ಲರಿಗೂ ಹಾಗೇ. ಒಪ್ಪಿಗೆ ಆದ ಮೇಲೂ ನೇರ ಮುಖ್ಯ ಬ್ರ್ಯಾಂಚ್ 'ಮಾಸ್ಟರ್'ಗೆ ಹೋಗುವುದಿಲ್ಲ. ಮೊದಲು 'ಸೀನ್', ಆಮೇಲೆ 'ನೆಕ್ಸ್ಟ್', ಅಲ್ಲಿ ಕೆಲ ದಿನ ಮಾಗಿ ಆಮೇಲೆ 'ಮಾಸ್ಟರ್'. ಯಾವುದು ಎಲ್ಲಿದೆ ಅಂತ ಮೇಂಟೇನರ್ ಆಗಾಗ ಒಂದು ಮೇಲ್ ಹಾಕುತ್ತಾರೆ, ಒಲೆಯ ಮೇಲೆ ಏನು ಬೇಯುತ್ತಿದೆ ಅನ್ನುವ ಧಾಟಿಯ ತಲೆಬರಹದಲ್ಲಿ. ಅದರಲ್ಲಿ ನಿನ್ನ ಹೆಸರು ಹುಡುಕುವ ಖುಷಿಯೇ ಬೇರೆ.

ದೂರದೂರು

ಜರ್ಮನಿಯಿಂದ ಓದುತ್ತಿದ್ದೇನೆ, ತಡವಾಗಿ ಬಂದೆ. ಇಷ್ಟು ಮಾತಾಡಿದರೂ ಮೆಮೊರಿ ತಪ್ಪುಗಳನ್ನು ತಡೆಯುವ ರಸ್ಟ್ ಭಾಷೆಯ ವಿಷಯ ಯಾರೂ ತೆಗೆದಿಲ್ಲವಲ್ಲ! ನನಗೆ ಅದೇ ದೊಡ್ಡ ಪ್ರಶ್ನೆ.

2025ರ ನವೆಂಬರ್‌ನಲ್ಲಿ ಬಂದ 2.52ರಲ್ಲಿ ರಸ್ಟ್ ಐಚ್ಛಿಕವಾಗಿ ಒಳಗೆ ಬಂದಿದೆ. 3.0ರಲ್ಲಿ ಕಡ್ಡಾಯ ಮಾಡುವ ಯೋಜನೆ. ಗಿಟ್‌ನಲ್ಲಿ ಹೊಸದನ್ನು ತರುವ ಹಳೇ ಕ್ರಮ ನನಗೆ ಇಷ್ಟ. ಕೋಡ್‌ನ ಒಂದು ಮೂಲೆಯಲ್ಲಿ ಹೊಸ ಸಿ ಸೌಲಭ್ಯವನ್ನು ಒಂದೇ ಕಡೆ ಬಳಸುತ್ತಾರೆ. ಯಾರ ಕಂಪೈಲರ್ ಆದರೂ ಕಿರಿಕಿರಿ ಮಾಡುತ್ತದಾ ಅಂತ ಕೆಲವು ಬಿಡುಗಡೆಗಳವರೆಗೆ ಕಾಯುತ್ತಾರೆ. ದೂರು ಬರದಿದ್ದರೆ ಎಲ್ಲ ಕಡೆ ಬಳಸಬಹುದು. ಬಲೂನ್ ಹಾರಿಸಿ ಗಾಳಿ ನೋಡುವುದು ಅಂತ ಅವರೇ ಹೇಳುತ್ತಾರೆ. ರಸ್ಟ್‌ಗೂ ಅದೇ ದಾರಿ ಹಿಡಿದಿದ್ದಾರೆ.

ಆದರೆ ಇಲ್ಲಿ ದೂರು ಬಂದಾಗಿದೆ. ಬ್ಯಾಂಕುಗಳಲ್ಲೆಲ್ಲ ಬಳಸುವ ನಾನ್‌ಸ್ಟಾಪ್ ಅನ್ನುವ ಯಂತ್ರಗಳಿವೆ. ಅವಕ್ಕೆ ರಸ್ಟ್ ಕಂಪೈಲರೇ ಇಲ್ಲ. ಆ ಕಡೆಯವರು ವರ್ಷಗಳಿಂದ ಗಿಟ್ ಬಿಲ್ಡ್ ಮಾಡಿಕೊಂಡು ಬಂದಿದ್ದಾರೆ, ಅವರು ಲಿಸ್ಟ್‌ನಲ್ಲಿ ಗಟ್ಟಿಯಾಗಿಯೇ ವಿರೋಧಿಸಿದ್ದಾರೆ. ಇದು ಗ್ಲೋಬಲ್ ವೇರಿಯಬಲ್ ತೆಗೆದ ಹಾಗಲ್ಲ. ಒಂದು ಗುಂಪು ಬಳಕೆದಾರರನ್ನೇ ಹೊರಗೆ ಬಿಡುವ ಶುಚಿ.

ಘಟ್ಟದಾಚೆ

ಇದೇ, ಇದೇ ನಾನು ಹೇಳಿದ್ದು.

ಹಳೇಪೈಪು

ದೂರದೂರು ಅವರ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಎರಡೂ ಕಡೆ ನ್ಯಾಯ ಇದೆ. ಕಡಲತೀರ ಹೇಳಿದ ಇಂಟ್ ದೋಷದಂಥವು ರಸ್ಟ್‌ನಲ್ಲಿ ಇಷ್ಟು ಸುಲಭವಾಗಿ ನುಸುಳುವುದಿಲ್ಲ, ಅದು ನಿಜ. ಇಪ್ಪತ್ತು ವರ್ಷ ಎಲ್ಲ ಯಂತ್ರದಲ್ಲೂ ಓಡುತ್ತೇವೆ ಅಂದವರು ಈಗ ಮಾತು ಬದಲಿಸುವುದು ಸಣ್ಣ ವಿಷಯ ಅಲ್ಲ, ಅದೂ ನಿಜ. ನನ್ನ ವೈಯಕ್ತಿಕ ಒಲವು ರಸ್ಟ್ ಕಡೆ. ಆದರೆ ನಾನು ನಾನ್‌ಸ್ಟಾಪ್ ಬಳಸುವವನಲ್ಲ, ಹಾಗಾಗಿ ಆ ಒಲವಿಗೆ ನನಗೇನೂ ಖರ್ಚಿಲ್ಲ.

3.0ರಲ್ಲಿ ಬದಲಾಗುವುದು ಅದೊಂದೇ ಅಲ್ಲ. ಹೊಸ ರೆಪಾಸಿಟರಿಗೆ ಶಾ-256 ಡೀಫಾಲ್ಟ್ ಆಗುತ್ತದೆ. ರೆಫ್‌ಗಳನ್ನು (ಬ್ರ್ಯಾಂಚ್, ಟ್ಯಾಗ್‌ಗಳ ಹೆಸರುಗಳನ್ನು) ಇಡಲು ರೆಫ್‌ಟೇಬಲ್ ಅನ್ನುವ ಹೊಸ ಪದ್ಧತಿ ಡೀಫಾಲ್ಟ್ ಆಗುತ್ತದೆ. 'ವಾಟ್‌ಚೇಂಜ್ಡ್' ಥರದ ಹಳೇ ಕಮಾಂಡ್ ಹೋಗುತ್ತದೆ. ಈಗಲೇ ಅದನ್ನು ಓಡಿಸಿದರೆ "ನಾನಿನ್ನೂ ಇದನ್ನು ಬಳಸುತ್ತೇನೆ" ಅನ್ನುವ ಉದ್ದನೆಯ ಆಪ್ಷನ್ ಕೊಡು ಅನ್ನುತ್ತದೆ. ಇದೂ ಒಂಥರಾ ಬಲೂನೇ, ನಿಜವಾಗಿ ಯಾರಾದರೂ ಬಳಸುತ್ತಿದ್ದಾರಾ ಅಂತ ತಿಳಿಯಲು.

ಹಾಸನದಹುಡುಗ

ಚರ್ಚೆ ಇಷ್ಟು ದೂರ ಹೋಗುತ್ತದೆ ಅಂದುಕೊಂಡಿರಲಿಲ್ಲ. ಹ್ಯಾಶ್ ಉದಾಹರಣೆ ನನಗೆ ಹಿಡಿಸಿತು. ಘಟ್ಟದಾಚೆ ಹೇಳಿದ ಖರ್ಚಿನ ಲೆಕ್ಕವೂ ತಲೆಯಲ್ಲಿ ಉಳಿಯುತ್ತದೆ.

ಒಂದು ಕೊನೆಯ ಪ್ರಶ್ನೆ. ಈ ರೆಫ್‌ಟೇಬಲ್ ಈಗಲೇ ಹಾಕಿಕೊಳ್ಳಬಹುದಾ? ನಮ್ಮ ಆಫೀಸಿನ ರೆಪಾಸಿಟರಿಯಲ್ಲಿ ಬ್ರ್ಯಾಂಚ್, ಟ್ಯಾಗ್ ವಿಪರೀತ. ಜೊತೆಗೆ ವಿಂಡೋಸ್‌ನವರ ಗೋಳು ಬೇರೆ. ಹೆಸರಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಮಾತ್ರ ವ್ಯತ್ಯಾಸ ಇರುವ ಎರಡು ಬ್ರ್ಯಾಂಚ್ ಇದ್ದರೆ ಒಂದರ ಮೇಲೊಂದು ಬೀಳುತ್ತವೆ.

ಕಡಲತೀರ

ಆ ಗೋಳು ಬರುವುದು ಪ್ರತಿ ಬ್ರ್ಯಾಂಚೂ ಒಂದು ಫೈಲ್ ಆಗಿರುವುದರಿಂದ. ವಿಂಡೋಸ್ ಫೈಲ್ ಸಿಸ್ಟಂಗೆ ಆ ಎರಡು ಹೆಸರೂ ಒಂದೇ. ರೆಫ್‌ಟೇಬಲ್‌ನಲ್ಲಿ ಎಲ್ಲ ಹೆಸರೂ ಕೆಲವೇ ಬೈನರಿ ಫೈಲ್‌ಗಳ ಒಳಗೆ ಇರುವುದರಿಂದ ಆ ಸಮಸ್ಯೆ ಇಲ್ಲ. ಹಳೇ ಪದ್ಧತಿಯಲ್ಲಿ ಪ್ಯಾಕ್ ಮಾಡಿಟ್ಟ ಒಂದು ರೆಫ್ ಅಳಿಸಲು ಇಡೀ ಫೈಲ್ ಮತ್ತೆ ಬರೆಯಬೇಕಿತ್ತು, ಅದೂ ಇಲ್ಲ. ಮೊದಲು ಜೆಗಿಟ್‌ಗೆ ಅಂತ ಶಾನ್ ಪಿಯರ್ಸ್ ರೂಪಿಸಿದ್ದು, ಗಿಟ್‌ಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ, 2.45ರಲ್ಲಿ. ಹೊಸದಾಗಿ ಇನಿಟ್ ಮಾಡುವಾಗ ರೆಫ್ ಫಾರ್ಮ್ಯಾಟ್ ಆಪ್ಷನ್ ಕೊಟ್ಟರೆ ಸಾಕು. ಇರುವುದನ್ನು ಬದಲಿಸಲು 2.46ರಿಂದ 'ಗಿಟ್ ರೆಫ್ಸ್ ಮೈಗ್ರೇಟ್' ಇದೆ.

ಆದರೆ ಆಫೀಸಿನದಕ್ಕೆ ನೇರ ಕೈ ಹಾಕಬೇಡಿ. ನಿಮ್ಮ ಎಡಿಟರ್, ಸಿಐ (ತಾನಾಗಿ ಬಿಲ್ಡ್, ಟೆಸ್ಟ್ ಮಾಡುವ ವ್ಯವಸ್ಥೆ), ಹುಕ್ ಸ್ಕ್ರಿಪ್ಟ್‌ಗಳಲ್ಲಿ ಯಾವುದಾದರೂ ಡಾಟ್ ಗಿಟ್ ಒಳಗಿನ ಫೈಲನ್ನು ನೇರ ತೆರೆದು ಬ್ರ್ಯಾಂಚ್ ಓದುತ್ತಿದ್ದರೆ ಅದಕ್ಕೆ ಏನೂ ಸಿಗುವುದಿಲ್ಲ. ಮೊದಲು ಒಂದು ಕ್ಲೋನ್ ಮಾಡಿಕೊಂಡು, ಮೈಗ್ರೇಟ್‌ಗೆ 'ಡ್ರೈ ರನ್' ಆಪ್ಷನ್ ಕೊಟ್ಟು ನೋಡಿ. ಆಮೇಲೆ ಆ ಕ್ಲೋನ್ ಬದಲಿಸಿ, ನೀವು ಬಳಸುವ ಟೂಲ್‌ಗಳನ್ನೆಲ್ಲ ಅದರ ಮೇಲೆ ಒಂದು ವಾರ ಓಡಿಸಿ. ಯಾವುದು ಬಿತ್ತು ಅಂತ ಇಲ್ಲಿ ಬರೆಯಿರಿ, ಉಳಿದವರಿಗೂ ಬೇಕು.

ಹಾಸನದಹುಡುಗ

ಸರಿ. ಕ್ಲೋನ್ ಈಗ ಹಾಕಿದ್ದೇನೆ. ಟೂಲ್‌ಗಳ ಪಟ್ಟಿ ಮಾಡಿ ಸೋಮವಾರ ಬರೆಯುತ್ತೇನೆ.